ಓದದ ಕಾಗದದ ಕೆಳಗೆ ನನ್ನ ಹೆಸರು

ಕೈಬರಹ ಚೆಂದ ಇದ್ದವರ ಹಣೆಬರಹ ಚೆಂದ ಇರುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ನನ್ನದು ಎರಡೂ ಸುಮಾರು. ಆದರೆ ಬೇರೆಯವರ ಕೈಬರಹ ಓದುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನಿನ್ನೂ ಕಂಡಿಲ್ಲ. ಜಂಬ ಅನ್ನುವವರು ಅನ್ನಲಿ. ಡಾಕ್ಟರ ಚೀಟಿ, ನೀರು ಬಿದ್ದು ಹಬ್ಬಿದ ಶಾಯಿ, ಹುಳ ತಿಂದು ಬಿಟ್ಟ ಅಂಚು, ಯಾವುದು ಕೊಟ್ಟರೂ ಓದುತ್ತೇನೆ. ಈ ಒಂದು ವಿದ್ಯೆಯ ಮೇಲೆ ಸಿಂಗಾಪುರದಲ್ಲಿ ಐದು ವರ್ಷ ಕೆಲಸ ಮಾಡಿದೆ. ಅದೇ ವಿದ್ಯೆಯಿಂದಾಗಿ ಆ ಕೆಲಸ ಹೋಯಿತು. ಹೋದದ್ದಕ್ಕೆ ಬೇಸರ ಇದೆ, ಪಶ್ಚಾತ್ತಾಪ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ಕೊನೆಗೆ "ಅಯ್ಯೋ ಪಾಪ" ಎನ್ನುತ್ತಾರೆ, ನನಗೆ ಅದು ಆಗುವುದಿಲ್ಲ.

ಆಫೀಸು ಪಾಯಾ ಲೆಬಾರ್‌ನಲ್ಲಿ. ಸೆಂಗ್‌ಕಾಂಗ್‌ನ ನಮ್ಮ ಫ್ಲ್ಯಾಟಿನಿಂದ ಎಲ್‌ಆರ್‌ಟಿ, ಆಮೇಲೆ ಎಂಆರ್‌ಟಿ, ನಡುವೆ ಒಮ್ಮೆ ರೈಲು ಬದಲಿಸುವುದು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಹದಿನೈದು ವರ್ಷ ಮನೆಯಲ್ಲೇ ಇದ್ದೆ. ಗಂಡ ಯಿಶುನ್‌ನಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಮಗಳು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು. ಅವಳು ದೊಡ್ಡ ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ನನಗೆ ಸಿಕ್ಕಿದ ಕೆಲಸ ಇದು. ಕುತ್ತಿಗೆಗೆ ನನ್ನ ಫೋಟೋ, ನನ್ನ ಹೆಸರು ಇರುವ ಕಾರ್ಡು ನೇತುಹಾಕಿಕೊಂಡು ಮೊದಲ ದಿನ ಗೇಟು ದಾಟಿದಾಗ ಎದೆ ಉಬ್ಬಿದ್ದು ಸುಳ್ಳಲ್ಲ.

ಕೆಲಸ ಏನು ಅಂದರೆ, ಅಮೆರಿಕ ಎಂಬ ದೇಶ ಇನ್ನೂ ಹಸಿಗೂಸಾಗಿದ್ದಾಗ ಅದನ್ನು ಕಟ್ಟಿದ ಮುಖಂಡರು ಒಬ್ಬರಿಗೊಬ್ಬರು ಬರೆದ ಕಾಗದಗಳನ್ನು ಓದುವುದು. ಅಲ್ಲಿನ ಒಂದು ಗ್ರಂಥಾಲಯ ಅವುಗಳ ಫೋಟೋ ತೆಗೆದು ಕಳಿಸುತ್ತಿತ್ತು. ಕಂಪ್ಯೂಟರ್ ಮೊದಲು ಓದಿ ಟೈಪು ಮಾಡುತ್ತಿತ್ತು, ನಾವು ಮೂಲದ ಪಕ್ಕ ಇಟ್ಟು ತಪ್ಪು ತಿದ್ದುತ್ತಿದ್ದೆವು. ಯಾರ ಕಾಗದ ಎಂದು ಹೆಸರು ಹೇಳುವಂತಿಲ್ಲ, ಬಾಯಿ ಮುಚ್ಚಿಕೊಂಡಿರುತ್ತೇನೆಂದು ಬರೆದುಕೊಟ್ಟಿದ್ದೇನೆ. ಹೆಸರಿನ ಅಗತ್ಯವೂ ಇಲ್ಲ. ದೇಶ ಕಟ್ಟಿದವರು ಎಂದರೆ ನಾನು ಕಲ್ಲಿನ ಮೂರ್ತಿಗಳನ್ನು ಕಲ್ಪಿಸಿಕೊಂಡಿದ್ದೆ. ಓದಿ ನೋಡಿದರೆ ನಮ್ಮ ಮನೆ ಮದುವೆಯ ಬೀಗರಿಗಿಂತ ಕಡೆ! ಒಬ್ಬನನ್ನು ಕಂಡರೆ ಇನ್ನೊಬ್ಬನಿಗೆ ಆಗುವುದಿಲ್ಲ. ಸೈನ್ಯಕ್ಕೆ ಬೂಟು ಇಲ್ಲ, ಹಿಟ್ಟು ಇಲ್ಲ, ಇವರಿಗೆ ಅವನು ನನ್ನನ್ನು ಹಾಗಂದ ಇವನು ಹೀಗಂದ ಎಂಬ ಚಿಂತೆ. ಮೂರು ಪುಟ ಬಾಯಿಗೆ ಬಂದಂತೆ ಬೈದು, ಕೆಳಗೆ ಚೆಂದ ಮಾಡಿ ಬರೆಯುತ್ತಿದ್ದರು, ತಮ್ಮ ಅತ್ಯಂತ ವಿಧೇಯ, ವಿನಮ್ರ ಸೇವಕ ಎಂದು. ಮೊದಲ ಸಲ ಓದಿದಾಗ ನಾನು ಜೋರಾಗಿ ನಕ್ಕುಬಿಟ್ಟೆ, ಪಕ್ಕದ ಸೀಟಿನ ಚೀನೀ ಹುಡುಗಿ ಇಯರ್‌ಫೋನ್ ತೆಗೆದು ನೋಡಿದಳು.

ಕೆಲವರು ಒಂದೇ ದಿನ ಎರಡು ಕಾಗದ ಬರೆಯುತ್ತಿದ್ದರು. ಸಭೆಯಲ್ಲಿ ಗಟ್ಟಿಯಾಗಿ ಓದಲಿಕ್ಕೆ ಒಂದು, ಸ್ನೇಹಿತ ಕಿಸೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಇನ್ನೊಂದು. ಮೊದಲನೆಯದರಲ್ಲಿ ಎಲ್ಲ ಸರಿ ಇದೆ, ಎರಡನೆಯದರಲ್ಲಿ ಎಲ್ಲ ಹಾಳಾಗಿದೆ. ಮತ್ತೆ ಕೆಲವರು ಒಂದೇ ಹಾಳೆಯಲ್ಲಿ ಎರಡೂ ಮುಗಿಸುತ್ತಿದ್ದರು: ಮೇಲೆ ಫಿರಂಗಿಯ ಲೆಕ್ಕ, ಕೆಳಗೆ ಹೆಂಡತಿಯ ಕೆಮ್ಮು. ಕಾಗದ ಎಂದರೆ ಹಾಗೇ ಅಲ್ಲವೇ? ನಾವು ಮನುಷ್ಯರು, ಇಲಾಖೆಗಳಲ್ಲ.

ಐದನೆಯ ವರ್ಷ ಹೊಸ ನಿಯಮ ಬಂತು. ಕಾಗದಗಳನ್ನು ಎರಡು ರಾಶಿ ಮಾಡಬೇಕಂತೆ, ಅಫೀಷಿಯಲ್ ಒಂದು, ಪರ್ಸನಲ್ ಒಂದು. ಅಫೀಷಿಯಲ್ ಕಾಗದಕ್ಕೆ ಮನುಷ್ಯರ ಕಣ್ಣು. ಪರ್ಸನಲ್ ಕಾಗದಕ್ಕೆ ಬರೀ ಕಂಪ್ಯೂಟರ್. ಹೆಂಡಂದಿರು ಬರೆದದ್ದು, ಹೆಂಡಂದಿರಿಗೆ ಬರೆದದ್ದು, ಮಕ್ಕಳದ್ದು, ತಾಯಂದಿರದ್ದು, ಎಲ್ಲ ಆ ಎರಡನೇ ರಾಶಿಗೆ ಹೋಯಿತು. ಇದು ಗ್ರಂಥಾಲಯದವರ ನಿಯಮ ಅಲ್ಲ, ನಮ್ಮ ಆಫೀಸು ಕೆಲಸ ಬೇಗ ಮುಗಿಸಲು ತಾನೇ ಮಾಡಿಕೊಂಡದ್ದು. ಗ್ರಂಥಾಲಯದವರ ಫಾರ್ಮಿನಲ್ಲಿ ಮಾತ್ರ ಹಳೆಯ ಸಾಲೇ ಇತ್ತು: ಈ ಪುಟಗಳನ್ನು ಮೂಲದೊಂದಿಗೆ ಓದಿ ನೋಡಿದ್ದೇನೆ. ಕೆಳಗೆ ಓದಿದವರ ಹೆಸರು, ಸಹಿ.

ನಮ್ಮ ಮ್ಯಾನೇಜರು ಬೆಂಗಳೂರಿನವನು, ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವನು, ಒಳ್ಳೆಯವನು. ಒಳ್ಳೆಯವನು ಎಂದು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ದೀಪಾವಳಿಗೆ ತಾಯಿ ಕಳಿಸಿದ ಕೋಡುಬಳೆಯಲ್ಲಿ ನನಗೆಂದು ಪಾಲು ತೆಗೆದಿಟ್ಟು ತರುತ್ತಿದ್ದ. ಅವನು ನನ್ನ ಮೇಜಿನ ಹತ್ತಿರ ಬಂದು ಕನ್ನಡದಲ್ಲಿ ಮಾತಾಡಿದರೆ ಏನೋ ಸಹಾಯ ಬೇಕಾಗಿದೆ ಎಂದರ್ಥ.

"ಆಂಟಿ, ಪರ್ಸನಲ್ ಬ್ಯಾಚ್ ಯಾರೂ ಓದೋದ್ ಬೇಡ. ಸಿಸ್ಟಮ್ ಓದಿದೆ. ಫಾರ್ಮ್‌ನಲ್ಲಿ ಒಂದ್ ಹೆಸರಿರ್ಬೇಕು ಅಷ್ಟೆ. ನಿಮ್ದು ಹಾಕ್ಬಿಡಿ."

"ಓದದೇ ಹೆಂಗೆ ಹಾಕೋದು?"

"ಫಾರ್ಮಾಲಿಟಿ ಆಂಟಿ. ನಿಮ್ ಕಾಂಟ್ರಾಕ್ಟ್ ರಿನ್ಯೂವಲ್ ಬೇರೆ ಬಂತು. ನಾನೇ ರೆಕಮೆಂಡ್ ಮಾಡ್ತಾ ಇದೀನಿ. ಎರಡ್ ನಿಮಿಷದ ಕೆಲಸ."

ಎರಡು ನಿಮಿಷವೂ ಬೇಕಾಗಲಿಲ್ಲ. ಸಹಿ ಹಾಕಿದೆ. ಇನ್ನೂರಕ್ಕೂ ಹೆಚ್ಚು ಕಾಗದಗಳು, ಒಂದನ್ನೂ ತೆರೆದು ನೋಡದೆ ಓದಿದ್ದೇನೆ ಎಂದು ಬರೆದುಕೊಟ್ಟೆ. ಯಾರೂ ಕತ್ತಿಗೆ ಚಾಕು ಹಿಡಿದಿರಲಿಲ್ಲ. ಕಾರ್ಡು ಕುತ್ತಿಗೆಯಲ್ಲೇ ಇರಲಿ ಎಂಬ ಆಸೆಗೆ ಹಾಕಿದೆ. ಅವತ್ತು ಸಂಜೆ ಮನೆಗೆ ಹೋಗುವಾಗ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ ಕೂತು ತೆ ತಾರಿಕ್ ಎಂಬ ನೊರೆ ಚಹಾ ಕೂಡ ಕುಡಿದೆ, ನಾಚಿಕೆಗೆಟ್ಟವಳು.

ಒಂದು ತಿಂಗಳ ನಂತರ ಅಫೀಷಿಯಲ್ ರಾಶಿಯಲ್ಲಿ ನನಗೊಂದು ಕಾಗದ ಬಂತು. ಒಬ್ಬ ಮುಖಂಡ ಇನ್ನೊಬ್ಬ ಮುಖಂಡನಿಗೆ ಬರೆದದ್ದು. ಎರಡು ಪುಟ ಪೂರ್ತಿ ಸೈನಿಕರಿಗೆ ಹಿಟ್ಟು ಸಾಗಿಸುವ ವಿಚಾರ. ಈ ಮನುಷ್ಯನ ಅಕ್ಷರ ನನಗೆ ಚೆನ್ನಾಗಿ ಗೊತ್ತು. ಅಡಿಕೋಲು ಇಟ್ಟು ಬರೆದಂಥ ಸಾಲು, ಎಂದೂ ಅತ್ತಿತ್ತ ಹೋಗುವುದಿಲ್ಲ. ಈ ಕಾಗದದಲ್ಲಿ ಮಾತ್ರ ಸಾಲುಗಳೆಲ್ಲ ಬಲಕ್ಕೆ ಇಳಿದಿದ್ದವು. ಕಾರಣ ಕೊನೆಯಲ್ಲಿತ್ತು. ಮನೆಯಿಂದ ಹೆಂಡತಿಯ ಕಾಗದ ಬಂದಿದೆ, ಅದಾದ ಮೇಲೆ ಕೈ ನಿಲ್ಲುತ್ತಿಲ್ಲ, ಅಕ್ಷರಕ್ಕೆ ಕ್ಷಮೆ ಇರಲಿ ಎಂದು ಬರೆದಿದ್ದ. ಏನಾಯಿತು ಎಂದು ಬರೆದಿರಲಿಲ್ಲ. ಮತ್ತೆ ಮಾಮೂಲಿ, ವಿಧೇಯ ಸೇವಕ.

ಆ ಹೆಂಡತಿಯ ಕಾಗದ ಎಲ್ಲಿದೆ? ಇನ್ನೆಲ್ಲಿ, ಪರ್ಸನಲ್ ರಾಶಿಯಲ್ಲಿ. ದಿನಾಂಕ ಹಿಡಿದು ಹುಡುಕಿದೆ, ಸಿಕ್ಕಿತು. ಮೇಲೆ ಕಂಪ್ಯೂಟರ್ ಬರೆದ ಸಾರಾಂಶ ಇತ್ತು: ಮನೆವಾರ್ತೆ. ಅಟ್ಟದ ದುರಸ್ತಿ. ಬಡಗಿಯ ಕೆಲಸ. ಕೆಳಗೆ ಓದಿದವರ ಹೆಸರು. ನನ್ನದು.

ಅಟ್ಟ ರಿಪೇರಿಗೆ ಗಂಡಸಿನ ಕೈ ನಡುಗುತ್ತದಾ? ಮೂಲ ತೆರೆದೆ.

ಆ ಕಾಲದವರು ಎಸ್ ಅಕ್ಷರವನ್ನು ಎರಡು ಥರ ಬರೆಯುತ್ತಿದ್ದರು. ಒಂದು ಈಗಿನದೇ. ಇನ್ನೊಂದು ಉದ್ದಕ್ಕೆ ನಿಂತು ತಲೆ ಬಾಗಿಸಿದ್ದು, ಥೇಟು ಎಫ್ ಇದ್ದ ಹಾಗೆ. ಒಂದು ಪದದಲ್ಲಿ ಎರಡು ಎಸ್ ಒಟ್ಟಿಗೆ ಬಂದರೆ ಮೊದಲನೆಯದು ಉದ್ದದ್ದು, ಎರಡನೆಯದು ಗಿಡ್ಡದ್ದು. ಆ ಹೆಂಗಸು ಬರೆದದ್ದು ಲಾಸ್ ಎಂದು. ನಷ್ಟ. ಕಂಪ್ಯೂಟರ್ ಆ ಉದ್ದ ಎಸ್ ಅನ್ನು ಎಫ್ ಮಾಡಿತು, ಅರ್ಥವಾಗಲಿಲ್ಲ, ಹತ್ತಿರದ ಪದ ಹುಡುಕಿ ಲಾಫ್ಟ್ ಎಂದು ಕೂರಿಸಿತು. ಲಾಫ್ಟ್ ಎಂದರೆ ಅಟ್ಟ. ಆಮೇಲೆ ಬಡಗಿ ಬಂದ ಮಾತಿತ್ತು, ಹಲಗೆಯ ಮಾತಿತ್ತು, ಅಳತೆಯ ಮಾತಿತ್ತು. ಅಟ್ಟ, ಬಡಗಿ, ಹಲಗೆ, ಅಳತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ, ಸಾರಾಂಶ ತಯಾರು.

ಬಡಗಿ ಅಳತೆ ತೆಗೆದುಕೊಂಡದ್ದು ಅಟ್ಟಕ್ಕಲ್ಲ. ಎರಡು ವರ್ಷದ ಹೆಣ್ಣುಮಗುವಿಗೆ. ಹಲಗೆ ಜಾಸ್ತಿ ಬೇಡವಾಯಿತು ಎಂದು ಆ ತಾಯಿ ಬರೆದಿದ್ದಳು.

ದೇವರೇ! ನಾನು ಎದ್ದು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅವಳಿಗಾಗಿ ಅತ್ತೆನೋ ನನ್ನ ಹೆಸರು ಅಲ್ಲಿರುವುದಕ್ಕೆ ಅತ್ತೆನೋ ಹೇಳಲಾರೆ. ಎರಡೂ ಇರಬೇಕು.

ಒಂದು ಅಕ್ಷರಕ್ಕೆ ಇಷ್ಟೆಲ್ಲಾ ಯಾಕೆ ಎಂದು ಕೇಳಬಹುದು. ಯಾಕೆಂದರೆ ನಾನು ಈ ತಪ್ಪನ್ನು ಹತ್ತು ವರ್ಷದವಳಿದ್ದಾಗಲೇ ಒಮ್ಮೆ ಮಾಡಿದ್ದೇನೆ.

ನಾವು ತುಳು ಮಾತಾಡುವವರು. ಉಡುಪಿಯ ಕಡೆ ಸಮುದ್ರದ ಹತ್ತಿರ ನಮ್ಮ ಮನೆ. ನಮ್ಮಲ್ಲಿ ಮಾತು ತುಳುವಿನಲ್ಲಿ, ಬರೆಯುವುದು ಕನ್ನಡದಲ್ಲಿ. ತುಳುವಿನಲ್ಲಿ ಕಾಗದ ಬರೆಯಬಹುದು ಎಂದು ಆಗ ಯಾರಿಗೂ ಹೊಳೆಯುತ್ತಲೇ ಇರಲಿಲ್ಲ. ಗಂಡಸರು ಬೊಂಬಾಯಿಯ ಹೋಟೆಲುಗಳಲ್ಲಿ, ಹೆಂಗಸರಿಗೆ ಅಕ್ಷರ ಬಾರದು. ನಾನು ಶಾಲೆಗೆ ಹೋಗುವವಳು, ಅಕ್ಷರ ದುಂಡಗೆ. ಹಾಗಾಗಿ ಸುತ್ತಲಿನ ನಾಲ್ಕು ಮನೆಯ ಕಾಗದ ಬರೆಯುವುದು ನನ್ನ ಪಾಲಿಗೆ. ಅವರು ತುಳುವಿನಲ್ಲಿ ಹೇಳಬೇಕು, ನಾನು ನೀಲಿ ಇನ್‌ಲ್ಯಾಂಡ್ ಲೆಟರಿನಲ್ಲಿ ಶಾಲೆಯ ಕನ್ನಡ ಮಾಡಿ ಬರೆಯಬೇಕು. ಮೇಷ್ಟ್ರು ಕಲಿಸಿದಂತೆ ಮೊದಲ ಸಾಲು ಕಾಯಂ: ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮದ ಬಗ್ಗೆ ಆಗಾಗ ಬರೆಯುತ್ತಿರಬೇಕು.

ನೆರೆಮನೆಯ ಅಕ್ಕನ ಮಗು ಮಳೆಗಾಲದಲ್ಲಿ ಜ್ವರ ಬಂದು ಸತ್ತಿತು. ಆರು ತಿಂಗಳಿನದು. ಹನ್ನೆರಡು ದಿನ ಕಳೆದ ಮೇಲೆ ಅಕ್ಕ ಬಂದು ನನ್ನ ಎದುರು ಕೂತು, "ಬಾಲೆ ಪೋಂಡು" ಎಂದಳು. ಮಗು ಹೋಯಿತು. ಅಷ್ಟೇ ಹೇಳಿದ್ದು, ಮುಂದೆ ಹೇಳಲು ಅವಳಿಂದ ಆಗಲಿಲ್ಲ. ನಾನು ಬರೆದೆ: ಇಲ್ಲಿ ನಾವೆಲ್ಲರೂ ಕ್ಷೇಮ. ಮಗು ಹೋಗಿದೆ. ವ್ಯಾಕರಣ ತಪ್ಪಿರಲಿಲ್ಲ. ಮೇಷ್ಟ್ರು ನೋಡಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು.

ಮೂರು ವಾರದ ಮೇಲೆ ಉತ್ತರ ಬಂತು. ಓದುವವಳೂ ನಾನೇ. ಮಗು ಎಲ್ಲಿಗೆ ಹೋಗಿದೆ, ನಿನ್ನ ತಾಯಿ ಮನೆಗಾ, ನಿನ್ನನ್ನು ಬಿಟ್ಟು ಅಷ್ಟು ಸಣ್ಣದು ಹೇಗೆ ಇರುತ್ತದೆ, ಬೇಗ ಕರೆಸಿಕೋ, ಊರಿಗೆ ಬರುವವರ ಕೈಯಲ್ಲಿ ಒಂದು ಗಿಲಕಿ ಕಳಿಸಿದ್ದೇನೆ. ನಾನು ಅರ್ಧ ಓದಿ ನಿಲ್ಲಿಸಿದೆ. ಅಕ್ಕ, "ಓದು" ಎಂದಳು. ಪೂರ್ತಿ ಓದಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷಕ್ಕೆ ಮರೆತಿರುತ್ತಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಕಾಗದ ತೆಗೆ, ಈ ಸಲ ಗಂಡಸಿಗೆ ಅರ್ಥ ಆಗುವ ಹಾಗೆ ಬರೆ ಎಂದಳು. ಬರೆದೆ. ಇಲ್ಲಿ ನಾವೆಲ್ಲರೂ ಕ್ಷೇಮ ಎಂಬ ಸಾಲನ್ನು ಆ ಕಾಗದದಲ್ಲಿ ಬರೆಯಲಿಲ್ಲ.

ಆಗ ನನಗೆ ಹತ್ತು ವರ್ಷ. ತಪ್ಪಿಗೆ ಕ್ಷಮೆ ಇದೆ. ಈಗ ಐವತ್ತು ದಾಟಿದೆ, ಕನ್ನಡಕ ಇದೆ, ಪುಟವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುವ ಸ್ಕ್ರೀನು ಇದೆ. ಈಗ ಯಾವ ನೆವ?

ಮಾರನೆಯ ದಿನ ಮ್ಯಾನೇಜರನ ಕೋಣೆಗೆ ಹೋಗಿ ಎರಡೂ ಪುಟ ತೋರಿಸಿದೆ. ಅವನು ನೋಡಿದ, ಅವನ ಮುಖವೂ ಸಪ್ಪಗಾಯಿತು. ಸುಳ್ಳು ಹೇಳಬಾರದು, ಆಯಿತು.

"ಛೆ. ಸ್ಯಾಡ್ ಆಂಟಿ. ಬಟ್ ಇದು ಆಲ್ರೆಡಿ ಶಿಪ್ ಆಗಿದೆ."

"ವಾಪಸ್ ತರಿಸಿ. ನಾನು ಇಡೀ ಬ್ಯಾಚ್ ಓದ್ತೀನಿ."

"ವಾಪಸ್ ತರಿಸಿದ್ರೆ ಯಾಕೆ ಅಂತ ಕೇಳ್ತಾರೆ. ಓದ್ದೇ ಸೈನ್ ಮಾಡಿದ್ವಿ ಅಂತ ಹೇಳಕ್ಕಾಗತ್ತಾ? ಒಂದ್ ವರ್ಡ್ ಆಂಟಿ. ಇನ್ನೂರೈವತ್ತು ವರ್ಷದ ಹಿಂದಿನ ಒಂದ್ ವರ್ಡ್. ಯಾರ್ ನೋಡ್ತಾರೆ?"

ಸಿಟ್ಟು ಬಂದರೆ ನನ್ನ ಬೆಂಗಳೂರು ಕನ್ನಡ ಕಳಚಿ ಬೀಳುತ್ತದೆ. "ಎಂತ ಒಂದು ವರ್ಡು ಮಾರಾಯ್ರೆ? ಅವಳು ಮಗು ಸತ್ತಿದೆ ಅಂತ ಬರೆದದ್ದು, ನಾವು ಮನೆಯ ಮಾಡು ಸೋರ್ತಾ ಉಂಟು ಅಂತ ಓದಿದ್ದು. ನಿಮ್ಮ ಮನೆಯಲ್ಲಿ ಹೀಗೆ ಆದ್ರೆ ನೀವು ಸ್ಯಾಡ್ ಅಂತ ಹೇಳಿ ಬಿಟ್ಬಿಡ್ತೀರಾ?"

ಅವನು ಬಾಗಿಲು ಹಾಕಿ ಬಂದು ಕೂತ. ದನಿ ತಗ್ಗಿಸಿದ. "ಆಂಟಿ, ಕೇಳಿ. ಶುಕ್ರವಾರ ಸೆಕೆಂಡ್ ಬ್ಯಾಚ್ ಹೋಗ್ಬೇಕು. ಅದಕ್ಕೂ ನಿಮ್ ಸೈನ್ ಬೇಕು. ಮಾಡಿಲ್ಲ ಅಂದ್ರೆ ರಿನ್ಯೂವಲ್ ನನ್ ಕೈಲಿ ಇರಲ್ಲ. ಮೇಲಿನವರು ನಿಮ್ಮನ್ನ ತೆಗೀತಾರೆ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಒಳ್ಳೇದಕ್ಕೇ ಹೇಳುತ್ತಿದ್ದ. ನನ್ನ ವಯಸ್ಸಿನ ಹೆಂಗಸಿಗೆ ಈ ಊರಿನಲ್ಲಿ ಇನ್ನೊಂದು ಕೆಲಸ ಸುಲಭಕ್ಕೆ ಸಿಗುವುದಿಲ್ಲ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಮತ್ತೆ ಅದೇ ಅಡಿಗೆಮನೆ, ಅದೇ ಕಿಟಕಿ, ಹೊತ್ತು ಹೋಗದೆ ಕಟ್ಟಡದ ಬುಡದ ಖಾಲಿ ಜಗಲಿಯಾದ ವಾಯ್ಡ್ ಡೆಕ್‌ನಲ್ಲಿ ಕೂತು ಬಂದವರನ್ನು ಹೋದವರನ್ನು ಎಣಿಸುವುದು. ಹದಿನೈದು ವರ್ಷ ಮಾಡಿದವಳಿಗೆ ಅದರ ರುಚಿ ಹೇಳಿಕೊಡಬೇಕಾಗಿಲ್ಲ. ನನಗೆ ಹೆದರಿಕೆ ಆಯಿತು. ಚೆನ್ನಾಗಿಯೇ ಆಯಿತು.

ಸಂಜೆ ಮಗಳಿಗೆ ಹೇಳಿದೆ. ಅವಳು ಇಡ್ಲಿಯನ್ನು ಚಟ್ನಿಯಲ್ಲಿ ಅದ್ದುತ್ತಾ ಫೋನಿನಿಂದ ತಲೆ ಎತ್ತದೆ, ಮಾತಿನ ಕೊನೆಗೆ ಈ ಊರಿನವರ ಹಾಗೆ ಲಾ ಸೇರಿಸಿ ತೀರ್ಪು ಕೊಟ್ಟಳು.

"ಅಮ್ಮಾ, ಜಸ್ಟ್ ಸೈನ್ ಮಾಡು ಲಾ. ಯಾರೂ ಓದಲ್ಲ. ಟರ್ಮ್ಸ್ ಆ್ಯಂಡ್ ಕಂಡೀಶನ್ಸ್ ಥರ ಲಾ."

"ಯಾರೂ ಓದಲ್ಲ ಅಂತ ನಾನು ಓದಿದ್ದೀನಿ ಅಂತ ಬರೀಬೇಕಾ?"

"ನೀನ್ ಯಾಕೆ ಸೋ ಆ್ಯಂಗ್ರಿ? ಆ ಬೇಬಿ ನಿಮ್ ಫ್ಯಾಮಿಲಿನಾ?"

ನಾನು ಅವಳಿಗೆ ನೆರೆಮನೆಯ ಅಕ್ಕನ ಕಥೆ ಹೇಳಿದೆ. ಹದಿನೇಳು ವರ್ಷದಲ್ಲಿ ಮೊದಲ ಸಲ ಹೇಳಿದ್ದು. ಅವಳು ಫೋನು ಕೆಳಗಿಟ್ಟಳು. "ಆಮೇಲೆ ಆ ಗಿಲಕಿ ಬಂತಾ?" ಎಂದು ಕೇಳಿದಳು. ಬಂತು, ದೀಪಾವಳಿಗೆ ಬಂದವರು ತಂದುಕೊಟ್ಟರು ಎಂದೆ. ಅವಳು ಮತ್ತೆ ಸೈನ್ ಮಾಡು ಎನ್ನಲಿಲ್ಲ. ಗಂಡ ಕೈ ತೊಳೆದು ಬಂದು, ನಿನಗೆ ಸರಿ ಕಂಡದ್ದು ಮಾಡು, ಮಾಡಿದ ಮೇಲೆ ಮೂರು ತಿಂಗಳು ಅದನ್ನೇ ಹೇಳಿ ನನ್ನ ತಲೆ ತಿನ್ನಬೇಡ ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಬೆಂಬಲ ನಾನು ಅವರಿಂದ ನಿರೀಕ್ಷಿಸಿಲ್ಲ.

ಶುಕ್ರವಾರ ಎರಡು ಕೆಲಸ ಮಾಡಿದೆ. ಎರಡನೆಯ ಬ್ಯಾಚಿನ ಫಾರ್ಮಿನಲ್ಲಿ, ಓದಿದವರ ಹೆಸರು ಇರಬೇಕಾದ ಜಾಗದಲ್ಲಿ, ಯಾರೂ ಓದಿಲ್ಲ ಎಂದು ಇಂಗ್ಲಿಷಿನಲ್ಲಿ ದುಂಡಗೆ ಬರೆದೆ. ಆಮೇಲೆ ಮೊದಲ ಬ್ಯಾಚಿನ ಆ ಪುಟವನ್ನು ತೆರೆದೆ. ಕಳಿಸಿದ ಪುಟದಲ್ಲಿ ತಪ್ಪು ಕಂಡರೆ ಬರೆಯಲು ಕೆಳಗೊಂದು ಜಾಗ ಇತ್ತು, ಅಲ್ಲಿ ಬರೆದದ್ದು ನೇರ ಗ್ರಂಥಾಲಯಕ್ಕೇ ಹೋಗುತ್ತದೆ. ಅಲ್ಲಿ ಬರೆದೆ: ಇದು ಅಟ್ಟ ಅಲ್ಲ, ನಷ್ಟ. ಈ ಕಾಗದ ಮನೆ ದುರಸ್ತಿಯದ್ದಲ್ಲ, ಮಗುವಿನ ಸಾವಿನದ್ದು. ಓದಿದ್ದೇನೆ ಎಂದು ಸಹಿ ಹಾಕಿದವಳು ನಾನು, ಓದಿರಲಿಲ್ಲ.

ಕೊನೆಯ ಸಾಲನ್ನು ಎರಡು ಸಲ ಅಳಿಸಿ ಮತ್ತೆ ಬರೆದೆ. ಅದನ್ನು ಬಿಟ್ಟು ಬರೀ ತಪ್ಪು ತಿದ್ದಿ ಕಳಿಸಬಹುದಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಮೂರು ಪುಟ ಬೈದು ವಿಧೇಯ ಸೇವಕ ಎಂದು ಸಹಿ ಹಾಕಿದ ಗಂಡಸರನ್ನು ಐದು ವರ್ಷ ನೋಡಿ ನಕ್ಕವಳು ನಾನು. ನನ್ನ ಸಹಿ ಅದಕ್ಕಿಂತ ಹಗುರ ಆಗಬಾರದು ಎನಿಸಿತು.

ನಾಲ್ಕು ದಿನಕ್ಕೆ ಉತ್ತರ ಬಂತು. ಅಲ್ಲಿನವರ್ಯಾರೋ ಒಬ್ಬರು ಮರ್ಯಾದೆಯಿಂದ ಬರೆದಿದ್ದರು. ಪುಟ ಸರಿಪಡಿಸಿದ್ದೇವೆ, ಧನ್ಯವಾದ, ಇದೇ ರೀತಿ ಓದದೆ ಸಹಿ ಹಾಕಿದ ಬೇರೆ ಪುಟಗಳು ಎಷ್ಟು ಎಂದು ದಯವಿಟ್ಟು ತಿಳಿಸಿ. ತಿಳಿಸಿದೆ. ಇಡೀ ಬ್ಯಾಚು ಎಂದೆ. ಅವರು ಇಡೀ ಬ್ಯಾಚನ್ನು ವಾಪಸು ಕಳಿಸಿದರು, ಜೊತೆಗೆ ನಮ್ಮ ಮೇಲಿನವರಿಗೆ ಒಂದು ಕಾಗದ. ಆ ಕಾಗದದಲ್ಲಿ ಏನಿತ್ತೋ ನಾನು ನೋಡಿಲ್ಲ. ಆದರೆ ಅವತ್ತು ಮಧ್ಯಾಹ್ನದಿಂದ ಪ್ಯಾಂಟ್ರಿಯಲ್ಲಿ ನಾನು ಕಾಫಿ ಮಾಡಿಕೊಳ್ಳಲು ಹೋದರೆ ಉಳಿದವರು ತಮ್ಮ ಕಪ್ಪು ಎತ್ತಿಕೊಂಡು ಹೊರಡತೊಡಗಿದರು. ಹೋಗಲಿ ಬಿಡಿ, ಮೆಷಿನ್ನಿಗೆ ಕ್ಯೂ ಇರಲಿಲ್ಲ.

ವಾಪಸು ಬಂದ ಕಾಗದಗಳನ್ನು ಓದಲು ಬೇರೆ ಯಾರೂ ಸಿದ್ಧರಿರಲಿಲ್ಲ. ನನ್ನ ಒಪ್ಪಂದ ಮುಗಿಯಲು ಮೂರು ವಾರ ಇತ್ತು, ನಾನೇ ಓದಿದೆ. ಒಂದೊಂದು ಸಾಲನ್ನೂ ಓದಿದೆ. ಆ ಹೆಂಗಸರು ಗಂಡಂದಿರು ದೇಶ ಕಟ್ಟಲು ಹೋದಾಗ ಹೊಲ ನೋಡಿಕೊಂಡರು, ಸಿಡುಬಿನ ಮಕ್ಕಳನ್ನು ನೋಡಿಕೊಂಡರು, ಮನೆಗೆ ನುಗ್ಗಿದ ಸೈನಿಕರನ್ನು ಬೈದು ಕಳಿಸಿದರು, ನೀವು ಹೊಸ ಕಾನೂನು ಬರೆಯುವಾಗ ನಮ್ಮದೂ ನೆನಪಿರಲಿ ಎಂದು ಗಂಡಂದಿರಿಗೆ ಚುಚ್ಚಿದರು. ಇದು ಪರ್ಸನಲ್ ಅಂತೆ! ಹಿಟ್ಟಿನ ಮೂಟೆ ಎಣಿಸಿದ್ದು ಅಫೀಷಿಯಲ್, ಆ ಹಿಟ್ಟು ಬೆಳೆದದ್ದು ಪರ್ಸನಲ್. ಓದಿದ ಪ್ರತಿ ಪುಟಕ್ಕೂ ಸಹಿ ಹಾಕಿದೆ. ಕಂಪ್ಯೂಟರಿನ ತಪ್ಪು ಎಷ್ಟು ಸಿಕ್ಕವು ಎಂದು ಹೇಳುವುದಿಲ್ಲ, ಹೇಳಿದರೆ ಚಾಡಿ ಅನ್ನಿಸುತ್ತದೆ. ಇದ್ದವು.

ಕೊನೆಯ ವಾರ ಮ್ಯಾನೇಜರು ಮೀಟಿಂಗ್ ರೂಮಿಗೆ ಕರೆದ. ಪಾಪ, ಅವನೂ ಬೈಸಿಕೊಂಡು ಸೊರಗಿದ್ದ. ಮುಂದೆ ಒಂದು ಖಾಲಿ ಹಾಳೆ, ಪೆನ್ನು.

"ಆಂಟಿ, ರಿನ್ಯೂವಲ್ ಆಗ್ತಿಲ್ಲ. ನನ್ ಕೈಲಾದಷ್ಟು ಟ್ರೈ ಮಾಡ್ದೆ. ಮೇಲಿನವರು ಏನ್ ಹೇಳ್ತಿದಾರೆ ಅಂದ್ರೆ, ನೀವೇ ರಿಸೈನ್ ಮಾಡಿದ ಹಾಗೆ ಬರ್ಕೊಡಿ ಅಂತ. ನಿಮ್ಗೂ ಕ್ಲೀನ್ ಆಗಿರತ್ತೆ, ನಮ್ಗೂ ಕ್ಲೀನ್. ಒಂದೇ ಲೈನ್. ಡ್ಯೂ ಟು ಪರ್ಸನಲ್ ರೀಸನ್ಸ್. ಎಲ್ರೂ ಹಂಗೇ ಬರ್ಯೋದು."

ನನಗೆ ನಗು ಬಂತು. ಸಿಟ್ಟೂ ಬಂತು. "ನನಗೆ ಯಾವ ಪರ್ಸನಲ್ ರೀಸನ್? ಗಂಡ ಆರೋಗ್ಯವಾಗಿದ್ದಾರೆ, ಮಗಳು ಪರೀಕ್ಷೆಗೆ ಓದ್ತಾ ಇದ್ದಾಳೆ, ನನ್ನ ಮಂಡಿ ನೋವು ಕೂಡ ಈಗ ಕಡಿಮೆ. ನಾನು ಹೋಗ್ತಾ ಇಲ್ಲ, ನೀವು ಕಳಿಸ್ತಾ ಇದ್ದೀರಿ. ಆಫೀಸು ಕಳಿಸೋದಾದ್ರೆ ಅದು ಅಫೀಷಿಯಲ್. ಆಫೀಸೇ ನನಗೆ ಕಾಗದ ಬರೀಲಿ. ಯಾಕೆ ಕಳಿಸ್ತೀರಿ ಅಂತಲೂ ಬರೀಲಿ."

"ಆಂಟಿ, ಹಂಗೆ ಬರೆದ್ರೆ ಮುಂದಿನ ಜಾಬ್‌ಗೆ ನಿಮ್ಗೇ ಪ್ರಾಬ್ಲಂ."

"ಆಗ್ಲಿ."

"ಯಾಕೆ ಆಂಟಿ ಇಷ್ಟು ಹಟ?"

"ನಾನು ಒಮ್ಮೆ ಸುಳ್ಳಿಗೆ ಸಹಿ ಹಾಕಿದ್ದೇನೆ. ಒಂದು ಸಾಕು."

ಅವನು ಎದ್ದು ಹೋದ. ಮಧ್ಯಾಹ್ನ ಒಂದು ಕಾಗದ ತಂದ, ಪರಸ್ಪರ ಒಪ್ಪಿಗೆಯ ಮೇರೆಗೆ ಎಂದಿತ್ತು. ನಾನೆಲ್ಲಿ ಒಪ್ಪಿದೆ? ಹೊಡೆದು ಹಾಕಿ ವಾಪಸು ಕೊಟ್ಟೆ. ಸಂಜೆ ಇನ್ನೊಂದು ತಂದ, ಸಂಸ್ಥೆಯ ಮರುಹೊಂದಾಣಿಕೆಯಿಂದಾಗಿ ಎಂದಿತ್ತು. ಅದಕ್ಕೂ ಅಡ್ಡಗೆರೆ ಎಳೆದೆ. ಅವನು ತಲೆ ಮೇಲೆ ಕೈ ಹೊತ್ತು, "ದೇವ್ರಾಣೆ ಆಂಟಿ, ನೀವು ಆ ಹಳೇ ಪೊಲಿಟಿಶಿಯನ್ಸ್ ಜೊತೆ ಇದ್ದು ಇದ್ದು ಅವ್ರ ಥರಾನೇ ಆಗ್ಬಿಟ್ಟಿದೀರ" ಎಂದ. ಆ ಮಾತಿಗೆ ಇಬ್ಬರೂ ನಕ್ಕೆವು. ನಗು ಮುಗಿದ ಮೇಲೂ ನಾನು ಕೂತೇ ಇದ್ದೆ.

ಮೂರನೆಯದು ನನ್ನ ಕೊನೆಯ ದಿನ ಬಂತು. ಬರೀ ನಾಲ್ಕು ಸಾಲು. ವಹಿಸಿದ ಪರಿಶೀಲನಾ ಪತ್ರಕ್ಕೆ ಸಹಿ ಹಾಕಲು ನಿರಾಕರಿಸಿದ್ದರಿಂದ ಈ ನೌಕರರ ಒಪ್ಪಂದವನ್ನು ಮುಂದುವರಿಸಲಾಗುತ್ತಿಲ್ಲ ಎಂಬುದು ಅದರ ಸಾರ. ನಿರಾಕರಿಸಿದ್ದರಿಂದ. ನನಗೆ ಬೇಕಾದ ಪದ ಅದೊಂದೇ. ಅದು ಅಲ್ಲಿತ್ತು, ಕಪ್ಪು ಅಕ್ಷರದಲ್ಲಿ, ಆಫೀಸಿನ ಮುದ್ರೆಯ ಜೊತೆ. ಕುತ್ತಿಗೆಯ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಇಡುವ ಮೊದಲು ಅದರ ಮೇಲಿನ ನನ್ನ ಹೆಸರನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದೆ.

ಅವನು ಪೆನ್ನು ಮುಂದೆ ಮಾಡಿ, ಕಾಗದದ ಕೊನೆಗೆ ಬೆರಳಿಟ್ಟ. "ಇಲ್ಲಿ ಒಂದ್ ಸೈನ್ ಆಂಟಿ. ಓದಿ ತಿಳ್ಕೊಂಡಿದೀನಿ ಅಂತ. ಬರೀ ಫಾರ್ಮಾಲಿಟಿ."

"ತಡೀರಿ" ಎಂದೆ. ಕನ್ನಡಕ ಹಾಕಿಕೊಂಡೆ. ಮೇಲಿನ ವಿಳಾಸದಿಂದ ಶುರು ಮಾಡಿ, ದಿನಾಂಕ, ನನ್ನ ಹೆಸರು, ನಾಲ್ಕು ಸಾಲು, ಕೆಳಗಿನ ಸಣ್ಣ ಅಕ್ಷರ, ಎಲ್ಲವನ್ನೂ ನಿಧಾನಕ್ಕೆ ಓದಿದೆ. ಅವನು ಒಮ್ಮೆ ಗಡಿಯಾರ ನೋಡಿದ. ಮತ್ತೊಮ್ಮೆ ಮೊದಲಿನಿಂದ ಓದಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ಆಮೇಲೆ ಸಹಿ ಹಾಕಿದೆ.